ಸತ್ತ ಬಾಳೆಗಿಡಗಳು

ಬೆಂಗಳೂರು
12-8-1985

ಅವ್ವನಿಗೆ ಸರ್ವಮಂಗಳ ಮಾಡುವ ಶರಣು.

ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ. ಎಮ್ಮೆ ಕರು ಹಾಕಿದ್ದು, ಅತ್ತಿಗೆ ತವರಿಗೆ ಹೋಗಿದ್ದು ಎಲ್ಲ ಬರೆದು, ನಡುವೆ ಒಂದು ಮಾತು ಸೇರಿಸಿದ್ದೀಯ: "ನೀನು ಕೊಟ್ಟ ಬಾಳೆಗಿಡದಾಗೆ ಅರ್ಧ ಸತ್ತೋಗಿದ್ವು. ನಿಮ್ ಸಾಹೇಬ್ರು ನೋಡಾಕೆ ಬರೋ ಮುಂಚೆ ಕಿತ್ತಾಕಿ, ಷಣ್ಮುಖಪ್ಪನ ತೋಟದ ಬಾಳೆಕಂದು ತಂದು ನೆಡಿಸಿದೆ. ನನ್ ಮಗಳನ್ನ ನೋಡಿ ಯಾರೂ ನಗಬಾರ್ದು." ಓದಿ ಮೈಯೆಲ್ಲ ಉರಿಯಿತು.

ಸಸಿ ಸತ್ತ ಜಾಗ ಖಾಲಿ ಬಿಡಬಾರದು ಎನ್ನುವುದು ನಮ್ಮ ಸಾಸ್ವೆಹಳ್ಳಿಯ ರೀತಿ, ಗೊತ್ತು. ಆದರೆ ಪುಟ್ಟಬಾಳೆಯ ಸುಳಿಯನ್ನು ಉಗುರಿನಷ್ಟು ಕತ್ತರಿಸಿ, ಗಾಜಿನ ಸೀಸೆಯಲ್ಲಿ ಬೆಳೆಸಿ, ಒಂದನ್ನು ನೂರು ಮಾಡಲು ನಾನು ಪಟ್ಟ ಪಾಡು ನಿನಗೆ ಗೊತ್ತಿಲ್ಲವೇ? ಈ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೆಂಗಸು ಎಂದು ಸೀಸೆ ತೊಳೆಯಲು ಹಚ್ಚಿದರು. ತೊಳೆಯುತ್ತಲೇ ಕಲಿತೆ. ಸೀಸೆಯ ಗಿಡ ನಮ್ಮ ಮಣ್ಣಿನಲ್ಲಿ ಬದುಕುತ್ತದೆಯೇ ಎಂದು ನೋಡಲೆಂದೇ ನಿನ್ನ ಹೊಲಕ್ಕೆ ತಂದದ್ದು. ಸತ್ತವೇ ನನಗೆ ಬೇಕಾಗಿದ್ದವು ಅವ್ವ. ಬೇರು ಕೊಳೆತು ಸತ್ತವೋ, ಬಿಸಿಲಿಗೆ ಸತ್ತವೋ, ಅವುಗಳನ್ನೇ ಕೇಳಬೇಕಿತ್ತು. ನೀನು ತಿಪ್ಪೆಗೆ ಹಾಕಿಸಿದೆ.

ಇನ್ನು ನಮ್ಮ ಸಾಹೇಬರು. ಅವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡದ್ದು ಷಣ್ಮುಖಪ್ಪನ ಗಿಡವೇ ಇರಬೇಕು. ಒಂದೂ ಸತ್ತಿಲ್ಲ ಎಂದು ವರದಿ ಬರೆದರು, ನಾನೂ ಹಿಗ್ಗಿ ಸಹಿ ಹಾಕಿದೆ. ನಿನ್ನ ಕಾಗದ ಬಂದ ದಿನವೇ ಹೋಗಿ ನಿಜ ಹೇಳಿದೆ. ಸತ್ತ ಗಿಡದ ಮಾತು ಯಾರಿಗೆ ಬೇಕು, ಸುಮ್ಮನಿರಿ ಅಂದರು. ನೀನು ಮಾಡಿದ್ದು ಮಗಳ ಮೇಲಿನ ಅಕ್ಕರೆಗೆ. ಇಷ್ಟು ಓದಿದ ಇವರಿಗೇನು ಬಂತು ಕೇಡು? ನಾಳೆ ಚನ್ನಗಿರಿಯವರೋ ಜಗಳೂರಿನವರೋ ಈ ವರದಿ ನಂಬಿ ಹೊಲ ತುಂಬ ನೆಟ್ಟು, ಅರ್ಧ ಸತ್ತರೆ, ಅವರು ಯಾರ ತೋಟಕ್ಕೆ ಹೋಗಿ ಕಂದು ಕೀಳಬೇಕು?

ಈ ಗಿಡಗಳ ಬಗ್ಗೆ ಮಾತಾಡಲು ದೆಹಲಿಯ ಸಭೆಗೆ ಹೊರಡುವುದು ಯಾವಾಗ ಎಂದು ಕೇಳಿದ್ದೀಯ. ಅದನ್ನು ಆಮೇಲೆ ಬರೆಯುತ್ತೇನೆ. ಊರಿಗೆಲ್ಲ ಹೇಳಿಕೊಂಡು ತಿರುಗಬೇಡ.

ಇನ್ನೂ ಸಿಟ್ಟು ಇಳಿಯದ ನಿನ್ನ ಮಗಳು,
ಸರ್ವಮಂಗಳ

ತಾ.ಕ.: ಆಮೇಲೆ ಬರೆಯಲು ಏನೂ ಇಲ್ಲ. ಅರ್ಧ ಸತ್ತಿವೆ ಎಂದು ನಾನೇ ದೆಹಲಿಯ ಸಭೆಯವರಿಗೆ ಬರೆದು ಹಾಕಿದೆ. ಗೊತ್ತಾಗಿ ಸಾಹೇಬರು ಸಭೆಗೆ ನನ್ನ ಬದಲು ಬೇರೆಯವರನ್ನು ಕಳಿಸುತ್ತಿದ್ದಾರೆ. ಶುಕ್ರವಾರ ಹೊನ್ನಾಳಿ ಬಸ್ಸಿಗೆ ಹೊಸ ಗಿಡಗಳೊಂದಿಗೆ ಬರುತ್ತೇನೆ. ಷಣ್ಮುಖಪ್ಪನ ಕಂದುಗಳನ್ನು ತೆಗೆಸಿಡು. ಈ ಸಲ ಸತ್ತವನ್ನು ಮುಟ್ಟಬೇಡ, ನಗುವವರು ನಗಲಿ.