ಮೂರು ತಾಸಿನ ದಾರಿ

ಮಿರಜ
ಸೋಮವಾರ, ಮುಂಜಾನೆ

ನನ್ನ ಬಂಗಾರದಂಥ ಮನಿಷಾಗ, ಹೊಟ್ಯಾಗಿನ ಕೂಸಿಗೆ, ಅವ್ವ ಮಾಡೂ ಆಶೀರ್ವಾದ.

ಫೋನ ನೀರಾಗ ಬಿದ್ದು ಕೆಟ್ಟೈತಿ, ಅದಕ್ಕ ಬರಿಯಾಕತ್ತೀನಿ. ಗಾಬರಿ ಆಗಬ್ಯಾಡ. ನೀ ಮರಾಠಿ ಸಾಲ್ಯಾಗ ಕಲಿತಾಕಿ, ಕನ್ನಡ ಅಕ್ಷರ ನಿನಗ ಬರೂದಿಲ್ಲ. ನಾ ನಾಲ್ಕನೆ ಇಯತ್ತೆಗೆ ಸಾಲಿ ಬಿಟ್ಟಾಕಿ, ಕನ್ನಡ ಬಿಟ್ಟರ ಬ್ಯಾರೆ ಬರಿಯಾಕ ನನಗ ಬರೂದಿಲ್ಲ. ಭೂಷಣ ಅಳಿಯಂದಿರು ಜತ್ತ ಕಡೆಯವರು, ಕನ್ನಡ ಸಾಲ್ಯಾಗ ಕಲಿತವರು, ಯಾವಾಗಿನಂಗ ಅವರ ಓದಿ ಹೇಳತಾರ. ಕುಂತು ಕೇಳು, ನಿಂತು ಕೇಳಬ್ಯಾಡ.

ಗುವಾಹಾಟಿಗೆ, ಅಳಿಯಂದಿರ ಬಂಗಾರ ಕರಗಿಸೂ ಅಂಗಡಿಗೆ, ನಮ್ಮ ಓಣಿ ಶುಭಮ ಕೆಲಸಕ್ಕ ಹೊಂಟಾನ. ಅವನ ಕೈಯಾಗ ಈ ಪತ್ರ ಕೊಡತೀನಿ. ನಾಳೆ ಪುಣೆಯಾಗ ವಿಮಾನ ಹತ್ತತಾನ. ಎರಡು ಸಾವಿರ ಕಿಲೋಮೀಟರಿನ ಮ್ಯಾಲ ಐತಿ, ಆದರ ಗಾಳ್ಯಾಗ ಮೂರು ತಾಸು ಚಿಲ್ಲರ ಅಷ್ಟ ಅಂತ ಮೊಬೈಲದಾಗ ನೋಡಿ ಹೇಳಿದ. ರೈಲಿಗಾದರ ಮೂರು ದಿನ. ನಾ ನಂಬಲಿಲ್ಲ, ಮತ್ತ ನೋಡು ಅಂದೆ. ಕಾಕು, ವಿಮಾನ ನಿಮ್ಮನ್ನ ಕೇಳಿ ಹಾರತೈತೇನು ಅಂತ ನಕ್ಕ.

ಶುಕ್ರವಾರ ದವಾಖಾನ್ಯಾಗ ನಿಮ್ಮಪ್ಪಗೂ ಇದನ್ನ ಹೇಳಿದೆ. ಮೂರು ತಾಸಾ, ಬುಧಗಾಂವ ಬಸ್ಸಿನ ಸಲುವಾಗಿ ನಾ ಅದಕ್ಕೂ ಹೆಚ್ಚು ನಿಂತೀನಿ ಅಂದರು. ನಗೂವಾಗ ಕೆಮ್ಮು ಬಂತು.

ಅಪ್ಪನ್ನ ನೋಡಾಕ ಬಂದ ಬರತೀನಿ ಅಂತ ಮೊನ್ನೆ ಫೋನಿನ್ಯಾಗ ಹಟ ಹಿಡದೀ. ಬ್ಯಾಡ, ತಾಯಿ. ಮೂರು ತಾಸು ಅನ್ನೂದು ಗಾಳ್ಯಾಗಿಂದಷ್ಟ. ಪುಣೆಯಿಂದ ಮಿರಜಿನತನಕ ಕುಲಕಾಡಿಸೂ ಬಸ್ಸನ್ನ ಯಾರು ಲೆಕ್ಕಕ್ಕ ಹಿಡದಾರ? ನಿಂದು ಏಳು ತಿಂಗಳ ಹೊಟ್ಟಿ. ಅಷ್ಟ ಮ್ಯಾಲ ಹೋದರ ಕಿವಿ ಮುಚ್ಚತಾವಂತ, ಮೋಡ ಬಂದರ ವಿಮಾನ ಅಳ್ಳಾಡತೈತಂತ. ಕೂಸಿಗೆ ಉಸರು ಸಾಲತೈತೋ ಇಲ್ಲೋ.

ನಿಮ್ಮಪ್ಪ ಅರಾಮ ಅದಾರ. ಗಂಜಿ ಕುಡದರು. ಮಾತಾಡಬ್ಯಾಡ್ರಿ ಅಂತ ಡಾಕ್ಟರ ಹೇಳ್ಯಾರ, ಅದಕ್ಕ ಸುಮ್ಮನ ಅದಾರ. ಸಾಂಗಲಿ ಪ್ಯಾಟ್ಯಾಗ ಅರಿಷಿಣದ ಚೀಲ ಹೊತ್ತೂ ಹೊತ್ತೂ ಸವದ ಹೆಗಲಿಗೆ ಈಗರೆ ವಿಶ್ರಾಂತಿ ಸಿಕ್ಕೈತಿ. ಬಾಣಂತನಕ್ಕ ನಾನ ಅಲ್ಲಿಗೆ ಬರತೀನಿ. ಕಣ್ಣು ಮುಚ್ಚಿಕೊಂಡು ವಿಮಾನದಾಗರೆ ಕುಂಡ್ರತೀನಿ. ನೀ ಮಾತ್ರ ಅಲ್ಲೇ ಇರು.

ನಿನ್ನ ಅವ್ವ,
ಕೆಂಪವ್ವ

ತಾ.ಕ.: ಭೂಷಣಪ್ಪಾ, ಇಲ್ಲಿಂದ ಮುಂದ ಮನಸ್ಸಿನ್ಯಾಗ ಓದಿಕೊಳ್ರಿ. ನಿಮ್ಮ ಮಾವನಾರು ನಿನ್ನೆ ಮುಂಜಾನೆ ಹೋದರು. ಮಗಳು ವಿಮಾನದಾಗ ಬಂದರ ಸಂಜೀಕ ಮುಟ್ಟತಾಳ, ತಡಿಯೋಣು ಅಂತ ಮಂದಿ ಅಂದರು. ಬಸುರಿ ಹೆಣದ ಮಾರಿ ನೋಡಬಾರದು ಅಂತ ನಾನ ಯಾರಿಗೂ ತಡಿಯಾಕ ಬಿಡಲಿಲ್ಲ. ಮಣ್ಣಾತು. ಫೋನ ಕೆಟ್ಟಿಲ್ರಿ, ಆಕಿ ದನಿ ಕೇಳಿದರ ಹೇಳಿಬಿಡತೀನಿ ಅಂತ ಬಂದ ಮಾಡಿಟ್ಟೀನಿ. ಆಕಿಗೆ ಹೇಳೂದಿಲ್ಲಂತ ಶುಭಮನ ಕಡಿಂದ ಆಣಿ ಮಾಡಸೀನಿ. ಬರೇ ರೈಲು ಇದ್ದಿದ್ದರ ದೂರ ಐತಿ, ಆಕಿ ಹೆಂಗ ಮುಟ್ಟಬೇಕು ಅಂತ ಸಮಾಧಾನ ಮಾಡಿಕೊಳ್ಳತಿದ್ದೆ. ಕೂಸು ಕೈಗೆ ಬರೂತನಕ ಪ್ರತಿ ಪತ್ರದಾಗ ಅವರದೊಂದು ನಗಿ ಮಾತು ಬರದು ಕಳಸತೀನಿ. ಓದೂವಾಗ ನಿಮ್ಮ ದನಿ ನಡಗಬಾರದ್ರಿ.