ಎಡಗಡೆಯ ಜಾಗ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಏಣಿಗೆ,

ನಿನ್ನ ಗೋಡೆ ಮಾಡುವ ನಮಸ್ಕಾರ. ಇಲ್ಲಿ ನಾನೂ ನಿನ್ನ ಅತ್ತಿಗೆಯೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳಬೇಕಂತೆ, ನಿನ್ನ ಅತ್ತಿಗೆ ಪಕ್ಕದಲ್ಲೇ ನಿಂತು ಹೇಳುತ್ತಿದ್ದಾಳೆ. ಸರಿ, ಕೇಳಿದ್ದೇನೆ. ಆದರೆ ನಿನ್ನ ಕಾಗದದಲ್ಲಾದರೂ ಏನಿತ್ತು? ‘ಆರೋಗ್ಯ ನೋಡಿಕೋ, ಬಿಡುವಾದಾಗ ಬರುತ್ತೇನೆ.’ ನನ್ನ ಕಾಲು ತೆಗೆದು ವರ್ಷವಾಗುತ್ತಾ ಬಂತು, ನಿನಗಿನ್ನೂ ಬಿಡುವಾಗಿಲ್ಲ. ಇರಲಿ. ನಾನು ಐದನೇ ತರಗತಿಗೇ ಶಾಲೆ ಬಿಟ್ಟವನು, ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಂಡು ಓದು.

ಸುದ್ದಿ ಏನೆಂದರೆ, ನಾನು ಮತ್ತೆ ವಾಲಿಬಾಲ್ ಆಡುತ್ತಿದ್ದೇನೆ. ನಗಬೇಡ. ಕೂತು ಆಡುವ ವಾಲಿಬಾಲ್ ಅಂತ ಒಂದಿದೆ. ಆಸ್ಪತ್ರೆಯ ಹಿಂದಿನ ದೊಡ್ಡ ಹಾಲ್‌ನಲ್ಲಿ, ಕೂತವನ ತಲೆಗಿಂತ ಒಂದು ಗೇಣು ಮೇಲೆ ನೆಟ್ ಕಟ್ಟಿರುತ್ತಾರೆ. ಎಲ್ಲರೂ ನೆಲದ ಮೇಲೆ. ಕಾಲು ಇಲ್ಲದವರು, ಇದ್ದೂ ಬಾರದವರು. ನಮ್ಮ ನಾಯಕ ಒಬ್ಬ ದರ್ಜಿ. ಚಿಕ್ಕಂದಿನಲ್ಲೇ ಅವನ ಎರಡೂ ಕಾಲು ಸೊರಗಿವೆ, ಬಾಯಿ ಮಾತ್ರ ಸೊರಗಿಲ್ಲ. ಮೊದಲ ದಿನ ನಾನು ಜಂಬದಿಂದ, "ನಾನು ಬಸ್ ಡಿಪೋ ತಂಡದ ಬ್ಲಾಕರ್ ಕಣಯ್ಯ, ನನ್ನನ್ನ ಗೋಡೆ ಅಂತಿದ್ರು" ಎಂದೆ.

"ಒಳ್ಳೇದಾಯ್ತು ಯಜಮಾನ್ರೇ. ಗೋಡೆ ನೆಲ ಬಿಟ್ಟು ಏಳಲ್ಲ. ನೀವೂ ಏಳ್ಬೇಡಿ."

ಅವನು ಹೇಳಿದ್ದು ತಮಾಷೆಯಲ್ಲ, ನಿಯಮ. ಹೊಡೆತ ತಡೆಯಲು ಕೈ ಎತ್ತಿ ಬ್ಲಾಕ್ ಮಾಡುವಾಗ ಕುಂಡೆ ನೆಲ ಬಿಡಬಾರದು. ಬಿಟ್ಟರೆ ಸೀಟಿ, ಪಾಯಿಂಟ್ ಆಚೆಯವರಿಗೆ. ನನಗೋ ಬ್ಲಾಕ್ ಅಂದರೇ ಜಿಗಿತ. ಎದುರಿನವನ ಭುಜ ಹಿಂದಕ್ಕೆ ಹೋಯಿತೆಂದರೆ ಮೈ ತಾನಾಗಿ ಏಳುತ್ತದೆ. ಇಲ್ಲದ ಕಾಲು ಮೊದಲು ಜಿಗಿಯುತ್ತದೆ, ಇರುವ ಕಾಲು ಅದರ ಹಿಂದೆ ಓಡುತ್ತದೆ, ನಾನು ಮೂಟೆಯ ಹಾಗೆ ಪಕ್ಕಕ್ಕೆ ಉರುಳುತ್ತೇನೆ.

"ಯಜಮಾನ್ರೇ, ಎದ್ರಿ!"

"ಎಲ್ಲಯ್ಯಾ ಎದ್ದೆ? ಕಣ್ಣು ಕಾಣಲ್ವಾ ನಿಂಗೆ?"

"ಈಗ ನಿಮ್ಮ ಕೆಳಗಡೆಯಿಂದ ಒಂದು ಬೆಕ್ಕು ಆಚೆ ಹೋಯ್ತಲ್ಲ, ಅದನ್ನೇ ಕೇಳಿ."

ಎಲ್ಲರೂ ನಕ್ಕರು. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಚೆಂಡನ್ನು ಕಿಟಕಿಗೆ ಎಸೆದು ಮನೆಗೆ ಬಂದುಬಿಟ್ಟೆ. ನಿನ್ನ ಅತ್ತಿಗೆ ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಊರುಗೋಲು ತಂದು ಮಡಿಲಿಗೆ ಹಾಕಿ, "ಮನೇಲಿ ಕೂತು ನನ್ನ ಮೇಲೆ ಎಗರಾಡೋ ಬದಲು ಅಲ್ಲೇ ಹೋಗಿ ಎಗರಾಡಿ, ಸೀಟಿ ಊದೋಕಾದ್ರೂ ಒಬ್ರಿದ್ದಾರೆ" ಎಂದಳು. ಹೋದೆ.

ದರ್ಜಿ ಒಂದು ಉಪಾಯ ಮಾಡಿದ. ಅಂಗಿ ಹೊಲಿದು ಉಳಿದ ಬಟ್ಟೆಯ ಪಟ್ಟಿಯನ್ನು ನನ್ನ ಕುಂಡೆಯ ಕೆಳಗೆ ಹಾಸಿ, ಅದರ ತುದಿ ಹಿಡಿದು ಹಿಂದೆ ಕೂತ. ನಾನು ಕೈ ಎತ್ತಿದಾಗಲೆಲ್ಲ ಎಳೆಯುತ್ತಾನೆ. ಬಟ್ಟೆ ಬಂದರೆ ಎದ್ದೆ ಎಂದು ಲೆಕ್ಕ. ವಾರಗಟ್ಟಲೆ ಸರಸರನೆ ಬರುತ್ತಿತ್ತು. ಒಂದು ದಿನ ಎಳೆದ, ಬರಲಿಲ್ಲ. ಮತ್ತೆ ಜೋರಾಗಿ ಎಳೆದ, ಪರ್ರೆಂದು ಹರಿಯಿತು. "ಹೋಯ್ತು ನನ್ನ ಬಟ್ಟೆ" ಎಂದು ಹಲ್ಲು ಕಿರಿದ. ಕಳ್ಳ, ಅವನಿಗೆ ನನಗಿಂತ ಹೆಚ್ಚು ಖುಷಿಯಾಗಿತ್ತು.

ಇಲ್ಲಿ ಸರ್ವೀಸನ್ನೂ ಬ್ಲಾಕ್ ಮಾಡಬಹುದು, ಗೊತ್ತಾ? ನಾವು ಆಡುವಾಗ ಅದಕ್ಕೆಲ್ಲಿತ್ತು ಅವಕಾಶ. ಕಷ್ಟ ಬೇರೆ ಕಡೆ ಇದೆ. ಕೂತವನಿಗೆ ಕೈಯೇ ಕಾಲು. ಅಂಗೈ ಊರಿ ಸರಿಯಬೇಕು, ಸರಿದ ತಕ್ಷಣ ಅದೇ ಕೈ ನೆಟ್ಟಿನ ಮೇಲಿರಬೇಕು. ನನ್ನ ಕೈ ಇನ್ನೂ ನೆಲದಲ್ಲಿರುವಾಗಲೇ ಅವರು ಹೊಡೆದು ಮುಗಿಸುತ್ತಿದ್ದರು. ಈಗ ಚೆಂಡು ನೋಡುವುದನ್ನು ಬಿಟ್ಟಿದ್ದೇನೆ. ಚೆಂಡು ಎತ್ತಿಕೊಡುವವನ ಬೆರಳು ನೋಡುತ್ತೇನೆ. ಅವು ತಿರುಗಿದ ಕಡೆಗೆ ಮುಂಚೆಯೇ ಜಾರಿರುತ್ತೇನೆ.

ಅದೆಲ್ಲ ಸರಿಹೋಯಿತು, ಒಂದು ಮಾತ್ರ ಸರಿಹೋಗಲಿಲ್ಲ. ಇಬ್ಬರು ಕೂಡಿ ಬ್ಲಾಕ್ ಮಾಡುವಾಗ ನನ್ನ ಎಡಕ್ಕೆ ದರ್ಜಿ ಕೂರುತ್ತಾನೆ. ಪ್ರತಿ ಸಲವೂ ನಮ್ಮಿಬ್ಬರ ನಡುವಿನ ಸಂದಿಯಲ್ಲಿ ಚೆಂಡು ತೂರಿಹೋಗುತ್ತದೆ. ಅವನ ಕೈ ಗಿಡ್ಡ ಎಂದು ಬೈದೆ. ಅವನು ನನ್ನ ಎಡಗೈಯನ್ನೇ ನೋಡಿ ಕೇಳಿದ, "ಇಲ್ಲಿ ಇಷ್ಟು ಜಾಗ ಯಾಕೆ ಬಿಡ್ತೀರಿ ಯಜಮಾನ್ರೇ? ಯಾರಾದ್ರೂ ಬರೋದಿದ್ಯಾ?"

ಡಿಪೋ ಮೈದಾನದಲ್ಲಿ ಅಷ್ಟು ವರ್ಷ ಏಣಿಯಂಥ ನಿನ್ನ ಆ ಉದ್ದನೆಯ ಬಲಗೈಗೆ ಜಾಗ ಬಿಟ್ಟು ಬಿಟ್ಟು ನನ್ನ ಕೈಗೆ ಅದೇ ಅಭ್ಯಾಸವಾಗಿದೆ. ಹತ್ತಿರ ತಾ ಎಂದರೆ ತರುವುದಿಲ್ಲ.

ಬರುವ ತಿಂಗಳ ಕೊನೆಯ ಭಾನುವಾರ ಪಕ್ಕದ ಊರಿನ ತಂಡ ಬರುತ್ತದೆ. ಸ್ನೇಹಕ್ಕೆ ಆಡುವ ಪಂದ್ಯ, ಕಾಲಿರುವವರೂ ಇಬ್ಬರು ಕೂರಬಹುದು ಎಂದಿದ್ದಾರೆ. ಒಬ್ಬ ಸಿಕ್ಕಿದ್ದಾನೆ. ಇನ್ನೊಬ್ಬ ನೀನು ಎಂದು ನಿನ್ನನ್ನು ಕೇಳದೆ ದರ್ಜಿಗೆ ಹೇಳಿದ್ದೇನೆ. ಬರದಿದ್ದರೆ ಆ ಸಂದಿ ಹಾಗೇ ಇರುತ್ತದೆ, ಸೋಲುತ್ತೇವೆ.

ನಿನ್ನ ಹೆಂಡತಿಗೆ ನಮ್ಮಿಬ್ಬರ ಆಶೀರ್ವಾದ. ಮಗಳು ಪರೀಕ್ಷೆ ಚೆನ್ನಾಗಿ ಬರೆಯಲಿ, ನಮ್ಮ ಹಾಗೆ ಅರ್ಧಕ್ಕೆ ಬಿಡದಿರಲಿ. ನೀನೂ ಚೆನ್ನಾಗಿರು.

ಇಂತಿ,
ಗೋಡೆ

ಇದನ್ನು ನಿನ್ನ ಅತ್ತಿಗೆ ಒಳಗೆ ಹೋದ ಮೇಲೆ ಬರೆಯುತ್ತಿದ್ದೇನೆ. ನೀನು ಆಸ್ಪತ್ರೆಗೆ ಬರಲೇ ಇಲ್ಲ ಎಂದು ಅವಳು ಇವತ್ತಿಗೂ ಬೈಯುತ್ತಾಳೆ. ನೀನು ಬಂದಿದ್ದೆ. ವಾರ್ಡಿನ ಬಾಗಿಲಲ್ಲಿ ನಿಂತೆ. ಮೊಣಕಾಲಿನ ಕೆಳಗೆ ಹೊದಿಕೆ ಚಪ್ಪಟೆಯಾಗಿದ್ದದ್ದನ್ನು ನೋಡಿದೆ. ಹಣ್ಣಿನ ಚೀಲವನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ಹೊರಟುಹೋದೆ. ನನಗೆ ನಿದ್ದೆ ಎಂದುಕೊಂಡಿರಬೇಕು. ಎಚ್ಚರವಿತ್ತು. ಕರೆಯಲು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಬೆನ್ನು ಮರೆಯಾಗಿತ್ತು. ಆ ದಿನ ಡಿಪೋದಲ್ಲಿ ಜಾಕಿ ಕೊಟ್ಟು ಬಸ್ಸು ಎತ್ತಿದವನು ನೀನು, ಅದು ಜಾರಿದಾಗ ಕೆಳಗಿದ್ದವನು ನಾನು. ಅದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಆ ಹಳೇ ಜಾಕಿ ಯಾರು ಕೊಟ್ಟಿದ್ದರೂ ಜಾರುತ್ತಿತ್ತು. ಬಾಗಿಲಿನಿಂದ ಹಿಂದಕ್ಕೆ ಹೋದೆಯಲ್ಲ, ಅದಕ್ಕೆ ಸಿಟ್ಟಿದೆ. ಕಾಗದದಲ್ಲಿ ಬೈದು ನನಗೆ ಸಮಾಧಾನವಾಗುವುದಿಲ್ಲ. ಬಂದು ನನ್ನ ಎಡಗಡೆ ಕೂತು ಬೈಸಿಕೋ. ದಪ್ಪ ಪ್ಯಾಂಟು ಹಾಕಿಕೊಂಡು ಬಾ, ಆ ನೆಲ ಒರಟು.