ಎಂಟಕ್ಕೆ ಎಂಟು

ಮಾರ್ಚ್ 4, ಸೋಮವಾರ. ಎದಿರ್ನೆ ಊರಿನ ಆಸ್ಪತ್ರೆ

ಬೆಳಗ್ಗೆಯಿಂದ ಏಳು ಬಸುರಿ ಹೊಟ್ಟೆ. ಹೊಕ್ಕುಳಿನ ಮೇಲೆ ಮಾರ್ಕರಿನಲ್ಲಿ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ನಾಲ್ಕು ಭಾಗ, ಒಂದೊಂದಕ್ಕೂ ಅಂಕ. ಚರ್ಮ ಹಿಗ್ಗಿದ ಗೆರೆ, ಅದೇ ಸ್ಟ್ರೆಚ್ ಮಾರ್ಕ್, ಇಲ್ಲದಿದ್ದರೆ ಸೊನ್ನೆ, ಸ್ವಲ್ಪವಿದ್ದರೆ ಒಂದು, ತುಂಬಿದ್ದರೆ ಎರಡು. ಎಲ್ಲ, ಸ್ಪೆಷಲಿಸ್ಟ್ ಆಗಲು ಓದುತ್ತಿರುವ ಡಾಕ್ಟರ್ ತುನಾಯ್ ಅವರ ಪ್ರಬಂಧಕ್ಕೆ. ಹಳೆಯ ಸಿಸೇರಿಯನ್‌ನಿಂದ ಒಳಗೆ ಅಂಗಗಳು ಒಂದಕ್ಕೊಂದು ಅಂಟಿಕೊಂಡಿವೆಯೇ ಎಂದು ಹೊರಗಿನ ಗೆರೆ ನೋಡಿ ಹೇಳಬಹುದೇ, ಗೆರೆ ಹೆಚ್ಚಿದ್ದಷ್ಟೂ ಅಂಟೂ ಹೆಚ್ಚೇ? ಪ್ರಶ್ನೆ ಅವರದು, ಬಗ್ಗುವ ಸೊಂಟ ನನ್ನದು. ಇಪ್ಪತ್ತೆರಡು ವರ್ಷ ಹೆರಿಗೆ ಮಾಡಿಸಿದ ಕೈ, ಈಗ ಗೆರೆ ಎಣಿಸುತ್ತದೆ.

ಕೊನೆಯವಳು ಜುಲ್ಬಿಯೆ. ನಾಳೆ ಮೂರನೆಯ ಸಿಸೇರಿಯನ್.

"ಎಷ್ಟು ಬಂತಕ್ಕ?"

"ಎಂಟಕ್ಕೆ ಎಂಟು."

"ಸ್ಕೂಲಲ್ಲಿ ಒಂದ್ಸಲನಾದ್ರೂ ಹಿಂಗೆ ಬಂದಿದ್ರೆ ಅಪ್ಪ ಮುಂದೆ ಓದಿಸ್ತಿದ್ದ."

ನಕ್ಕೆವು. ಯಾತರ ಅಂಕ ಎಂದು ಹೇಳಲಿಲ್ಲ. ಹೇಳಬಾರದೆಂದು ತುನಾಯ್ ಅಪ್ಪಣೆ.

ಮಾರ್ಚ್ 5, ಬೆಳಗ್ಗೆ 7.40

ತುನಾಯ್‌ಗೆ ಹೇಳಿದೆ, "ಜುಲ್ಬಿಯೆದು ಎಂಟಿದೆ. ದೊಡ್ಡ ಡಾಕ್ಟ್ರನ್ನ ಜೊತೆಗೆ ಕರ್ಕೊಳ್ಳಿ."

"ನುರ್ಜಿಹಾನ್ ಅಕ್ಕ, ಅದಿನ್ನೂ ಸಾಬೀತಾಗಿಲ್ಲ. ನೀವು ಎಣಿಸಿ, ನಾನು ಕುಯ್ತೀನಿ."

ಬಾಯಿ ಮುಚ್ಚಿಕೊಂಡು ಬಂದೆ.

ಅದೇ ದಿನ, 11.15

ಹೆಣ್ಣು ಮಗು, ಚೆನ್ನಾಗಿದೆ. ತಾಯಿ ಚೆನ್ನಾಗಿಲ್ಲ. ಒಳಗೆ ಗರ್ಭಕೋಶಕ್ಕೆ ಮೂತ್ರಕೋಶ ಅಂಟಿ ಹೋಗಿತ್ತಂತೆ. ಬಿಡಿಸುವಾಗ ಮೂತ್ರಕೋಶ ಹರಿದುಹೋಯಿತು. ಆಮೇಲೆ ದೊಡ್ಡ ಡಾಕ್ಟರಿಗೆ ಕರೆ... ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಇನ್ನು ಹತ್ತು ದಿನ ಅವಳಿಗೆ ಮೂತ್ರದ ನಳಿಕೆ.

ಮಾರ್ಚ್ 8

ಮಹಿಳಾ ದಿನವಂತೆ. ಆಸ್ಪತ್ರೆಯವರು ನಮಗೆಲ್ಲ ಒಂದೊಂದು ಕೆಂಪು ಹೂ ಕೊಟ್ಟರು. ಎಂದೂ ಇಲ್ಲದ್ದು, ತುನಾಯ್ ಚಹಾ ತಂದುಕೊಟ್ಟರು.

"ಆ ಎಂಟನ್ನ ಮೂರು ಮಾಡಿಬಿಡಿ ಅಕ್ಕ. ಗೊತ್ತಿದ್ದೂ ಒಬ್ಬನೇ ಕುಯ್ದ ಅಂತಾರೆ."

"ಸಾಬೀತಾಗಿಲ್ಲ ಅಂದ್ರಲ್ಲ?"

"ನನ್ನ ಓದೆಲ್ಲ ನೀರುಪಾಲಾಗತ್ತೆ."

ಮಂಗಳವಾರ ಕವಡೆ ಕಿಮ್ಮತ್ತಿಲ್ಲದ ಅಂಕ, ಶುಕ್ರವಾರ ಪ್ರಾಣಕ್ಕೆ ಬಂತು. ಮೈ ಉರಿದುಹೋಯಿತು. ಆಗುವುದಿಲ್ಲ ಎಂದೆ. ಮಧ್ಯಾಹ್ನ ಫೈಲ್ ತೆಗೆದರೆ — ಹೊಸ ಹಾಳೆ. ಮೂರು. ಕೆಳಗೆ ನನ್ನ ಸಹಿ, ನಾನು ಹಾಕದ ಸಹಿ.

ಮಾರ್ಚ್ 9

ಬಾಣಂತಿ ಜುಲ್ಬಿಯೆಯ ಮಂಚಕ್ಕೆ ಕೆಂಪು ರಿಬ್ಬನ್. ಬಂದವರಿಗೆಲ್ಲ ಅತ್ತೆ ಕೆಂಪು ಶರಬತ್ತು ಕೊಡುತ್ತಿದ್ದಳು, ಜೊತೆಗೆ ಸೊಸೆಯ ದೂರು.

"ನಮ್ಮನೇಲಿ ಯಾರಿಗೂ ಹಿಂಗಾಗಿಲ್ಲ. ಇವಳ ಮೈನೇ ಸರಿಯಿಲ್ಲ."

ಅಷ್ಟರಲ್ಲಿ ರೌಂಡ್ಸಿಗೆ ದೊಡ್ಡ ಡಾಕ್ಟರ್, ಹಿಂದೆ ತುನಾಯ್. ಬಾಣಂತಿಯ ಶರಬತ್ತನ್ನು ಬೇಡ ಎನ್ನುವಂತಿಲ್ಲ. ಇಬ್ಬರೂ ಲೋಟ ಹಿಡಿದು ನಿಂತರು.

"ನನ್ನ ಮೈಗೇನಾಗಿದೆ ಅತ್ತೆ? ಎಂಟಕ್ಕೆ ಎಂಟು ಬಂದಿದೆ. ಆ ಅಕ್ಕನ್ನೇ ಕೇಳಿ," ಎಂದಳು ಜುಲ್ಬಿಯೆ.

ದೊಡ್ಡ ಡಾಕ್ಟರ್ ಫೈಲ್ ನೋಡಿದರು. "ಇಲ್ಲಿ ಮೂರು ಅಂತಿದೆಯಲ್ಲ."

"ಎಂಟೇ," ಎಂದರು ಶರಬತ್ತಿಗೆ ಬಂದ ಹೆಂಗಸರು. "ನಮಗೆಲ್ಲ ಹೇಳಿಕೊಂಡು ನಕ್ಕಿದ್ದಾಳೆ."

"ಎಂಟು ಸರ್," ಎಂದೆ. "ಈ ಸಹಿ ನಂದಲ್ಲ."

ತುನಾಯ್ ಕೈಯ ಶರಬತ್ತು ಹಾಗೇ ಇತ್ತು.

ಮಾರ್ಚ್ 11, ಬೆಳಗ್ಗೆ 9.20

ಹತ್ತಕ್ಕೆ ಆಸ್ಪತ್ರೆಯ ಕಮಿಟಿ ಮುಂದೆ ವಿಚಾರಣೆ. ತುನಾಯ್ ಬಗ್ಗೆ ನನಗೆ ಒಂದಿಷ್ಟೂ ಕನಿಕರವಿಲ್ಲ. ಎಲ್ಲ ಹೇಳುತ್ತೇನೆ. ಎಲ್ಲ ಎಂದರೆ ಎಲ್ಲ?

ಈಗಷ್ಟೇ ಜುಲ್ಬಿಯೆ ಕೇಳಿದಳು, "ಆ ಎಂಟು ಯಾತಕ್ಕಕ್ಕ? ಅದು ಒಳ್ಳೇದಲ್ವಾ?" ಬರುತ್ತೇನೆ ಎಂದು ಓಡಿಬಂದೆ. ಕಮಿಟಿಗಿಂತ ಮೊದಲು ಅವಳಿಗೇ ಹೇಳಬೇಕು. ಹೇಗೆ ಶುರುಮಾಡಲಿ... "ಜುಲ್ಬಿಯೆ, ಅವತ್ತು ಬೆಳಗ್ಗೆ ನಂಗೂ ಗೊತ್ತಿತ್ತು. ಗೊತ್ತಿದ್ದೂ ನಾನು —"